ಖಾಲಿ ಮನೆಗೆ ಬೇಕಾದ ದುರಸ್ತಿ



“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದರು ಹಿರಿಯರು. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡುವ ಕಷ್ಟವನ್ನು ಅವರು ಆ ಗಾದೆಗೆ ಸೇರಿಸಲಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಈಗ ಮನೆಯೊಡೆಯರು. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ತಮ್ಮ ಮನೆ ತಿಂಗಳುಗಟ್ಟಲೆ ಖಾಲಿ ಬಿದ್ದಿದೆಯೆಂದೂ, ಹೊಸ ಟೈಲ್ಸ್ ಹಾಕಿಸಿ ಬಣ್ಣ ಬಳಿಸಿದರೂ ಬಾಡಿಗೆದಾರರು ಬರಲಿಲ್ಲವೆಂದೂ ಅವರು ಹೇಳುವುದುಂಟು. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಬಾಡಿಗೆದಾರನ ಕಡೆ ನಿಂತು ಹೇಳುತ್ತೇನೆ. ವರ್ಗಾವಣೆಯ ನೌಕರಿಯಲ್ಲಿದ್ದ ನಾನು ನಿವೃತ್ತಿಯವರೆಗೂ ವಾಸಿಸಿದ್ದು ಬಾಡಿಗೆ ಮನೆಗಳಲ್ಲಿಯೇ.

ಹೊಸ ಊರಿನಲ್ಲಿ ಮನೆ ನೋಡಲು ಹೋದಾಗ ನನ್ನ ಶ್ರೀಮತಿಯವರು ಮೊದಲು ನಲ್ಲಿ ತಿರುಗಿಸುತ್ತಿದ್ದರು. ಬಳಿಕ ಬಚ್ಚಲು, ಅನಂತರ ಅಡುಗೆಮನೆಯ ಕಿಟಕಿ, ಕೊನೆಗೆ ತಲೆಯೆತ್ತಿ ಛಾವಣಿಯ ಕಲೆಗಳು. ನೆಲದ ಹೊಳಪನ್ನು ಅವರು ಮೆಚ್ಚಿದ್ದು ನನಗೆ ನೆನಪಿಲ್ಲ. ಸಂಸಾರ ಹೂಡಲು ಬರುವವರ ದೃಷ್ಟಿ ಅಂಥದು.

ಆದುದರಿಂದ ಕೈಯಲ್ಲಿರುವ ಹಣವನ್ನು ಮೊದಲು ಸೋರಿಕೆ ನಿಲ್ಲಿಸಲು ವಿನಿಯೋಗಿಸಬೇಕು. ಮುಂಗಾರಿಗೆ ಮುನ್ನ ತಾರಸಿಯ ಬಿರುಕು ಮುಚ್ಚಿಸಿ, ನೀರು ನಿಲ್ಲದಂತೆ ಇಳಿಜಾರನ್ನು ಸರಿಪಡಿಸಬೇಕು. ತೇವ ಹಿಡಿದ ಗೋಡೆಗೆ ಎಷ್ಟು ಬೆಲೆಯ ಬಣ್ಣ ಬಳಿದರೂ ಒಳಗಿನ ನೀರು, ಲವಣಗಳು ಅದನ್ನು ಹಕ್ಕಳೆಯಾಗಿ ಎಬ್ಬಿಸುತ್ತವೆ. ಸಂಪು ಮತ್ತು ಟ್ಯಾಂಕುಗಳನ್ನು ತೊಳೆಸಬೇಕು. ಇನ್ನೊಂದು ಸಣ್ಣ ಸಂಗತಿ: ಬೀಗ ಹಾಕಿದ ಮನೆಯಲ್ಲಿ ಬಚ್ಚಲ ಕೊಳವೆಯ ಬಾಗಿನಲ್ಲಿ ನಿಲ್ಲುವ ನೀರು ಆರಿಹೋಗಿ, ಚರಂಡಿಯ ದುರ್ವಾಸನೆಯೂ ಜಿರಲೆಗಳೂ ಮೇಲೇರುತ್ತವೆ. ವಾರಕ್ಕೊಮ್ಮೆ ಕಿಟಕಿಗಳನ್ನು ತೆರೆದು, ಒಂದು ಬಕೆಟ್ ನೀರು ಸುರಿದರೆ ಸಾಕು. ಖರ್ಚೇ ಇಲ್ಲದ ಸುಧಾರಣೆ.

ಅನಂತರ ವಿದ್ಯುತ್ತು. ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷಿಸಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿಯನ್ನು ಅಳವಡಿಸುವುದು ಒಳಗಿರುವವರ ಪ್ರಾಣದ ಪ್ರಶ್ನೆ. ಪ್ರತಿ ಮನೆಗೂ ಪ್ರತ್ಯೇಕ ಮೀಟರ್ ಇರಲಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಎರಡು ಮನೆಗೆ ಒಂದೇ ಮೀಟರ್ ಇದ್ದಲ್ಲಿ ಅದರ ಪೂರ್ಣ ಪ್ರಯೋಜನ ದೊರೆಯದು.

ಇದಕ್ಕೆಲ್ಲ ಹಣವೆಲ್ಲಿ ಎನ್ನುವವರಿಗೆ ಗಣಿತದ ಒಂದು ಲೆಕ್ಕ. 12,000 ರೂಪಾಯಿ ಬರುವ ಮನೆಗೆ 13,000 ಬೇಕೆಂದು ಹಟ ಹಿಡಿದರೆ ವರ್ಷದ ಲಾಭ 12,000. ಒಂದು ತಿಂಗಳು ಮನೆ ಖಾಲಿ ಬಿದ್ದರೆ ಆ ಲಾಭ ಕರಗಿತು. ಐದು ತಿಂಗಳು ಬಿದ್ದರೆ ನಷ್ಟ 60,000. ಆದಾಯ ತೆರಿಗೆಯ ಕಾನೂನು ಸಹ, ಸ್ಥಳೀಯ ಸಂಸ್ಥೆಯ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ನ್ನು ಖರ್ಚಿನ ರಶೀದಿ ಕೇಳದೆಯೇ ವಿನಾಯಿತಿಯಾಗಿ ಬಿಡುತ್ತದೆ. ಬಾಡಿಗೆಯ ಒಂದು ಪಾಲು ಮನೆಗೇ ಸಲ್ಲಬೇಕಾದದ್ದೆಂದು ನಾನು ಅದನ್ನು ಅರ್ಥೈಸುತ್ತೇನೆ.

ಇಷ್ಟೆಲ್ಲ ಆದ ಮೇಲೂ ಬಾಗಿಲಿಗೆ ಅಡ್ಡ ನಿಲ್ಲುವುದು ನಮ್ಮ ಷರತ್ತುಗಳು. ಜಾತಿ ಯಾವುದು, ಮಾಂಸ ತಿನ್ನುವಿರಾ, ಮದುವೆಯಾಗಿದೆಯೇ, ನೆಂಟರೆಷ್ಟು ಮಂದಿ ಬರುತ್ತಾರೆ? ಮನೆ ಕೇಳಲು ಬಂದವರಿಗೆ ಇದೊಂದು ಮೌಖಿಕ ಪರೀಕ್ಷೆ! ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಭೇದವಿಲ್ಲದೆ ಕುಳಿತು ಕಲಿತವರೇ ಮನೆಯೊಡೆಯರಾದ ಮೇಲೆ ಈ ಪ್ರಶ್ನೆಗಳನ್ನು ಕೇಳುವುದು ಉಪಾಧ್ಯಾಯನಾದ ನನಗೆ ನೋವು ತರುತ್ತದೆ. ಬಾಡಿಗೆಯನ್ನು ಸಕಾಲದಲ್ಲಿ ಕೊಡುವ ಶಕ್ತಿ, ಮನೆಯನ್ನು ಶುಚಿಯಾಗಿಡುವ ಅಭ್ಯಾಸ, ಇವೆರಡನ್ನು ಬಿಟ್ಟು ತಿಳಿಯಬೇಕಾದದ್ದೇನಿದೆ?

ಮುಂಗಡದ ಮಾತೂ ಅಷ್ಟೆ. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳುವುದು ಬೆಂಗಳೂರಿನ ಬಹುಕಾಲದ ರೂಢಿ. ಕೇಂದ್ರ ಸರ್ಕಾರ 2021ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಮುಂಗಡವನ್ನೇ ಗರಿಷ್ಠ ಮಿತಿಯಾಗಿಸಿದೆ. ರಾಜ್ಯವು ಅಂಗೀಕರಿಸದೆ ಅದು ಯಾರನ್ನೂ ಕಟ್ಟಿಹಾಕದು. ಆದರೆ ನ್ಯಾಯವೆಂದು ಕಂಡದ್ದನ್ನು ಅನುಸರಿಸಲು ಶಾಸನವೇ ಬೇಕೆಂದಿಲ್ಲ. ಆಗತಾನೇ ನೌಕರಿಗೆ ಸೇರಿದ ಹುಡುಗನಾಗಲಿ ಹುಡುಗಿಯಾಗಲಿ ಲಕ್ಷಾಂತರ ರೂಪಾಯಿಗಳನ್ನು ಎಲ್ಲಿಂದ ತಂದಾರು?

ನಿಮ್ಮ ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಮನೆ ಹುಡುಕುವಾಗ ಎಂಥ ಮನೆ, ಎಂಥ ಒಡೆಯರು ಸಿಗಲೆಂದು ಹಾರೈಸುವಿರೋ, ಅಂಥ ಮನೆಯನ್ನು ಇಲ್ಲಿ ಅಣಿಗೊಳಿಸಿ, ಅಂಥ ಒಡೆಯರಾಗಿ. ಬಾಡಿಗೆದಾರರು ತಾವಾಗಿಯೇ ಬಂದಾರು.