ಹತ್ತನ್ನು ಒಡೆಯಲು ಬಿಡಿ

ನನ್ನ ಮೊಮ್ಮಗಳು ಕಲಬುರಗಿಯ ಒಂದು ಶಾಲೆಯಲ್ಲಿ ಯು.ಕೆ.ಜಿ. ಓದುತ್ತಾಳೆ. ಮನೆಗೆ ಯಾರೇ ಬರಲಿ, ಅವಳಿಂದ ಒಂದರಿಂದ ನೂರರವರೆಗೆ ಒಂದೇ ಉಸಿರಿಗೆ ಹೇಳಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದೆವು. ಬೇಸಿಗೆ ರಜೆಗೆ ನನ್ನ ತವರು ಶರಣಸಿರಸಗಿಗೆ ಹೋದಾಗ ಆ ಜಾಣತನದ ಬಣ್ಣ ಬಯಲಾಯಿತು.

ಎಂಬತ್ತೈದು ದಾಟಿದ ನನ್ನ ಅವ್ವ ಅಂಗಳದಲ್ಲಿ ಹುಣಸೆಬೀಜ ಹರವಿಕೊಂಡು ಕೂತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹತ್ತು ಬೀಜ ಎಣಿಸಿಟ್ಟು, ಅದರಲ್ಲಿ ಕೆಲವನ್ನು ಮುಷ್ಟಿಯಲ್ಲಿ ಮುಚ್ಚಿ ಕೇಳಿದಳು: “ಹೊರಗ ಏಳು ಅವ. ನನ್ನ ಮುಷ್ಟ್ಯಾಗ ಎಷ್ಟವ ಹೇಳವ್ವಾ?”

ಹುಡುಗಿ ನನ್ನ ಮುಖ ನೋಡಿದಳು. ಅವ್ವ ನಕ್ಕಳು. “ಇದಕ್ಕ ಎಣಿಸಾಕ ಬರ್ತದ, ಲೆಕ್ಕ ಬರಂಗಿಲ್ಲ.”

ನನಗೆ ನಗು ಬರಲಿಲ್ಲ. ಇವಳಪ್ಪ ಚಿಕ್ಕವನಿದ್ದಾಗ ಬೆರಳು ಮಡಿಚಿ ಲೆಕ್ಕ ಮಾಡಿದನೆಂದು ಆ ಬೆರಳುಗಳ ಮೇಲೆಯೇ ಹೊಡೆದವಳು ನಾನು. ಅವನಿಗೆ ಇಂದಿಗೂ ಲೆಕ್ಕವೆಂದರೆ ಅಳುಕು.

ಐದೆಂದರೆ ನಾಲ್ಕು-ಒಂದು, ಮೂರು-ಎರಡು ಎಂದು ಕೈಯಾರೆ ಒಡೆದು ಕೂಡಿಸಿದ ಮಗು ಎಂಟಕ್ಕೆ ಐದು ಕೂಡಿಸಲು ಹೆದರುವುದಿಲ್ಲ. ಐದರಿಂದ ಎರಡು ತೆಗೆದು ಎಂಟಕ್ಕೆ ಕೊಡುತ್ತದೆ. ಹತ್ತಾಯಿತು, ಮೂರು ಉಳಿಯಿತು. ನಮ್ಮ ‘ಹದಿಮೂರು’ ಎಂಬ ಮಾತಿನಲ್ಲೇ ಹತ್ತೂ ಇದೆ, ಮೂರೂ ಇದೆ. ಇದು ತಿಳಿಯದ ಮಗು ಮುಂದೆ ‘ದಶಕದಿಂದ ಸಾಲ ತಗೋ’ ಎಂದಾಗ ಯಾರ ಸಾಲ, ಯಾಕೆ ಸಾಲ ಎಂದು ಅರಿಯದೆ ಬಾಯಿಪಾಠಕ್ಕೆ ಜೋತುಬೀಳುತ್ತದೆ.

ನಾವು ಆಡಿದ ಆಣೆಕಲ್ಲು ನೆನಪಿಸಿಕೊಳ್ಳಿ. ಒಂದು ಕಲ್ಲನ್ನು ಮೇಲೆ ತೂರಿ, ಕೆಳಗಿನ ನಾಲ್ಕನ್ನು ಮೊದಲು ಒಂದೊಂದಾಗಿ, ಆಮೇಲೆ ಎರಡೆರಡಾಗಿ, ಬಳಿಕ ಮೂರು ಮತ್ತು ಒಂದಾಗಿ, ಕೊನೆಗೆ ನಾಲ್ಕನ್ನೂ ಒಟ್ಟಿಗೆ ಬಾಚುತ್ತಿದ್ದೆವು. ನಾಲ್ಕನ್ನು ಒಡೆಯುವ ಪಾಠ ಅದಲ್ಲದೆ ಮತ್ತೇನು? ನಮ್ಮ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಒಂದನ್ನೇ ಒಡೆಯುವ ಸೂತ್ರ ಕೊಟ್ಟ. ಅದರ ಪ್ರಕಾರ ಒಂದು ರೊಟ್ಟಿ ಅರ್ಧ, ಮೂರನೆಯ ಒಂದು, ಆರನೆಯ ಒಂದು ಪಾಲಾಗುತ್ತದೆ. ಅಂಥವನ ನೆಲದ ಮಕ್ಕಳಿಗೆ ಹತ್ತನ್ನು ಒಡೆಯಲು ಬಾರದೆಂದರೆ ನಾಚಿಕೆ ಯಾರಿಗೆ?

“ಶಾಲೆಯವರೇ ನೂರರತನಕ ಬರೆಸುತ್ತಾರಲ್ಲ” ಎನ್ನುತ್ತೀರಿ. ನಾವು ಬಯಸುವುದೂ ಅದನ್ನೇ ಅಲ್ಲವೇ? ಪ್ರವೇಶದ ದಿನ ‘ಎಷ್ಟರವರೆಗೆ ಕಲಿಸುತ್ತೀರಿ’ ಎಂದು ಕೇಳುತ್ತೇವೆ. ‘ಹೇಗೆ ಕಲಿಸುತ್ತೀರಿ’ ಎಂದು ಕೇಳುವುದಿಲ್ಲ. ಆಟ-ಚಟುವಟಿಕೆಯಿಂದ ಕಲಿಸುವ ‘ನಲಿ-ಕಲಿ’ 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಶುರುವಾಯಿತು. ಸರಕಾರಿ ಶಾಲೆಯೆಂದರೆ ಮೂಗು ಮುರಿಯುವ ನಾವು ಫೀಸು ಕಟ್ಟಿ ಬಾಯಿಪಾಠ ಕೊಳ್ಳುತ್ತಿದ್ದೇವೆ. ಮಗ್ಗಿ ಬೇಡವೆನ್ನುತ್ತಿಲ್ಲ, ಅದಕ್ಕೂ ಅದರ ಕಾಲವಿದೆ. ಅದಕ್ಕೆ ಮೊದಲು ದಿನಕ್ಕೆ ಹತ್ತು ನಿಮಿಷ, ಹತ್ತು ಬೀಜ ಮಗುವಿನ ಕೈಗೆ ಕೊಡಿ. ತಪ್ಪು ಹೇಳಿದರೆ ಮುಷ್ಟಿ ಬಿಚ್ಚಿ ತೋರಿಸಿ, ಗದರಬೇಡಿ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಮೊಮ್ಮಗಳು ತನ್ನ ಅಪ್ಪನ ಮುಂದೆ ಮುಷ್ಟಿ ಹಿಡಿದಳು. “ಹೊರಗ ನಾಕು ಅವ. ಒಳಗ ಎಷ್ಟವ ಹೇಳಪ್ಪಾ?” ಮಗ ನನ್ನ ಕಡೆ ನೋಡಿ, ಮೆಲ್ಲಗೆ ಬೆರಳು ಮಡಿಚತೊಡಗಿದ. ಈ ಸಲ ನಾನು ಸುಮ್ಮನೆ ಕೂತಿದ್ದೆ.