ಬೀರ್ ಕುಡಿಯದ ಅಮ್ಮ, ಹರಿದ ವಾಫಲ್ ಮತ್ತು ನಮ್ಮ ಲ್ಯಾಬ್ ರೆಕಾರ್ಡ್

ರಜೆಯಲ್ಲಿ ಬೆಲ್ಜಿಯಂಗೆ ಹೋಗಿ ಬಂದ್ವಿ ಅಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಬೀರ್ ಕುಡಿದ್ರಾ?" ಉತ್ತರ ಮುಂದೆ ಬರುತ್ತೆ, ಸ್ವಲ್ಪ ತಾಳ್ಮೆ ಇರಲಿ. ಅದಕ್ಕಿಂತ ದೊಡ್ಡದೊಂದು ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅದನ್ನ ಮೊದಲು ನಿಮ್ಮ ಮುಂದೆ ಇಡ್ತೀವಿ.

ನಾವು ಅಂದ್ರೆ ನಾಲ್ಕು ಜನ. ಅಪ್ಪ, ಅಮ್ಮ, ಲೂವೆನ್‌ನಲ್ಲಿ ಮಾಸ್ಟರ್ಸ್ ಓದ್ತಿರೋ ಅಕ್ಕ, ಮತ್ತೆ ಇದನ್ನ ಬರೀತಿರೋ ಸೆಕೆಂಡ್ ಇಯರ್ ಪ್ರಾಣಿ. ಬೆಲ್ಜಿಯಂ ಕರ್ನಾಟಕದ ಆರನೇ ಒಂದು ಭಾಗದಷ್ಟೂ ಇಲ್ಲ. ಲೂವೆನ್‌ನಿಂದ ರೈಲು ಹತ್ತಿದ್ರೆ ಅರ್ಧ ಗಂಟೆಗೆ ಬ್ರಸೆಲ್ಸ್. ಅಲ್ಲಿ ಗ್ರಾಂಡ್ ಪ್ಲಾಸ್ ಅನ್ನೋ ಹಳೇ ಚೌಕದ ಹತ್ತಿರ ಪ್ರವಾಸಿಗರಿಗೆ ಅಂತಲೇ ನಡೆಯೋ ಒಂದು ಕ್ಲಾಸ್‌ಗೆ ಅಕ್ಕ ನಮಗೆಲ್ಲ ಬುಕ್ ಮಾಡಿಬಿಟ್ಟಿದ್ದಳು. ಎರಡೂವರೆ ಗಂಟೆ. ವಾಫಲ್ ಮಾಡೋದು, ಬೀರ್ ರುಚಿ ನೋಡೋದು. ಅಪ್ಪ ಯೂರೋವನ್ನ ರೂಪಾಯಿಗೆ ತಿರುಗಿಸಿ ನೋಡಿ, "ಈ ದುಡ್ಡಲ್ಲಿ ಹಾಸನದಲ್ಲಿ ಒಂದು ತಿಂಗಳ ರೇಷನ್ ಬರುತ್ತೆ" ಅಂದ್ರು. ಅಮ್ಮ ಬೀರ್ ಕುಡಿಯಲ್ಲ, ಮೊಟ್ಟೆನೂ ತಿನ್ನಲ್ಲ. ವಾಫಲ್ ಹಿಟ್ಟಿನಲ್ಲಿ ಮೊಟ್ಟೆ ಇರುತ್ತೆ. ಅಂದ್ರೆ ನಾಲ್ಕು ಟಿಕೆಟ್‌ನಲ್ಲಿ ಒಂದು ಪೂರ್ತಿ ದಂಡ ಅಂತ ನಾವು ಲೆಕ್ಕ ಹಾಕಿದ್ವಿ.

ಇಂಥ ಕ್ಲಾಸುಗಳನ್ನ ಬೈಯೋರು ತುಂಬಾ ಜನ. ಎರಡು ಗಂಟೆಯಲ್ಲಿ ಯಾವ ಸಂಸ್ಕೃತಿ ಸಿಗುತ್ತೆ, ಏಪ್ರನ್ ಹಾಕ್ಕೊಂಡು ಫೋಟೋ ತೆಗೆಸ್ಕೊಳ್ಳೋಕೆ ದುಡ್ಡು ಕೊಡಬೇಕಾ, ಇದೆಲ್ಲ ನಿಜವಾದ ಬೆಲ್ಜಿಯಂ ಅಲ್ಲ ಅಂತಾರೆ. ನಾವೂ ಹಾಗೇ ಅಂದ್ಕೊಂಡು ಒಳಗೆ ಹೋದ್ವಿ. ಹೊರಗೆ ಬರುವಾಗ ನಮ್ಮ ತಕರಾರು ಬೇರೆಯಾಗಿತ್ತು. ಆ ಕ್ಲಾಸ್‌ನಲ್ಲಿ "ನಿಜವಾದದ್ದು" ಇರಲಿಲ್ಲ ಅನ್ನೋದು ಸುಳ್ಳು. ಇತ್ತು. ಆದ್ರೆ ಅದು ಟೇಸ್ಟಿಂಗ್‌ನಲ್ಲಿ ಇರಲಿಲ್ಲ. ಕೈಯಲ್ಲಿ ಮಾಡೋದರಲ್ಲಿ, ಅದು ಕೆಡೋದರಲ್ಲಿ, ಅದಕ್ಕೆ ಕಾಯೋದರಲ್ಲಿ ಇತ್ತು. ಕ್ಲಾಸ್ ಮಾಡೋರು ಆ ಮೂರರಲ್ಲಿ ಎರಡನ್ನ ಕೊಟ್ರು, ಮೂರನೇದನ್ನ ಕತ್ತರಿಸಿ ಬಿಸಾಕಿದ್ರು.

ಮೊದಲು "ನಿಜವಾದದ್ದು" ಅನ್ನೋ ಮಾತು ಮುಗಿಸೋಣ. ಬೆಲ್ಜಿಯಂನಲ್ಲಿ "ಬೆಲ್ಜಿಯನ್ ವಾಫಲ್" ಅಂತ ಒಂದು ತಿಂಡಿ ಇಲ್ಲ. ಇರೋದು ಮುಖ್ಯವಾಗಿ ಎರಡು. ಬ್ರಸೆಲ್ಸ್ ವಾಫಲ್ ಆಯತಾಕಾರ, ಹಗುರ, ಹೊರಗೆ ಗರಿಗರಿ. ಅದು ಸುರಿಯೋ ಹಿಟ್ಟು, ನಮ್ಮ ದೋಸೆ ಹಿಟ್ಟಿನ ಥರ. ಲಿಯೇಜ್ ವಾಫಲ್ ಗಟ್ಟಿ ಹಿಟ್ಟಿನದು, ಬನ್ ಹಿಟ್ಟಿನ ಥರ ಉಂಡೆ ಮಾಡಿ ಇಡಬಹುದು. ಅದರೊಳಗೆ ಮುತ್ತಿನಷ್ಟು ದಪ್ಪ ಸಕ್ಕರೆ ಹರಳು ಹಾಕ್ತಾರೆ. ಕಾದ ಕಬ್ಬಿಣಕ್ಕೆ ತಾಗಿದ ಹರಳು ಕರಗಿ ಕ್ಯಾರಮೆಲ್ ಆಗುತ್ತೆ, ಒಳಗೆ ಉಳಿದದ್ದು ಹಲ್ಲಿಗೆ ಕರುಂ ಅಂತ ಸಿಗುತ್ತೆ. ಅಂಚು ನೆಟ್ಟಗಿರಲ್ಲ. ಎರಡನ್ನೂ ಉಬ್ಬಿಸೋದು ಯೀಸ್ಟ್.

ಹಾಗಾದ್ರೆ ಸ್ಟ್ರಾಬೆರಿ, ಕ್ರೀಂ ರಾಶಿ ಹಾಕಿರೋ ವಾಫಲ್ ಎಲ್ಲಿಂದ ಬಂತು? ಅದು ಜಗತ್ತಿಗೆಲ್ಲ ಗೊತ್ತಾಗಿದ್ದು 1964ರ ನ್ಯೂಯಾರ್ಕ್ ವಿಶ್ವಮೇಳದಿಂದ. ಮೋರಿಸ್ ವೆರ್ಮೆರ್ಶ್ ಅನ್ನೋ ಬೆಲ್ಜಿಯಂನವರು ಕುಟುಂಬದ ಜೊತೆ ಅಂಗಡಿ ಹಾಕಿ, ಬ್ರಸೆಲ್ಸ್ ವಾಫಲ್‌ಗೆ "ಬೆಲ್ಜೆಮ್" ಅಂತ ಹೆಸರು ಕೊಟ್ಟು ಅಮೆರಿಕನ್ನರಿಗೆ ಮಾರಿದ್ರು. ಅಂದ್ರೆ ಪ್ರವಾಸಿಗರ ರುಚಿಗೆ ಒಗ್ಗಿಸಿ ಮಾರೋದಕ್ಕೇ ಅರವತ್ತು ವರ್ಷದ ಇತಿಹಾಸ ಇದೆ. ಯಾವುದು ಅಸಲಿ, ಯಾವುದು ನಕಲಿ ಅಂತ ಗೆರೆ ಎಳೆಯೋಕೆ ಕೂತ್ರೆ ಕೈಯಲ್ಲಿರೋ ವಾಫಲ್ ತಣ್ಣಗಾಗುತ್ತೆ, ಅಷ್ಟೇ.

ಕ್ಲಾಸ್ ಶುರುವಾಗಿದ್ದು ಬೀರ್‌ನಿಂದ. ಬೆಲ್ಜಿಯಂನ ಬೀರ್ ಸಂಸ್ಕೃತಿಯನ್ನ ಯುನೆಸ್ಕೋ 2016ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿ ಒಂದೊಂದು ಬೀರ್‌ಗೆ ಒಂದೊಂದು ಆಕಾರದ ಗ್ಲಾಸ್. ನಮ್ಮ ಮುಂದೆ ಬಂದಿದ್ದು ಮೂರು ಸಣ್ಣ ಗ್ಲಾಸ್. ಮೊದಲು ನೋಡಿ, ಆಮೇಲೆ ಮೂಸಿ, ಆಮೇಲೆ ಗುಟುಕು, ಅಂತ ಕ್ಲಾಸ್ ತಗೊಳ್ತಿದ್ದ ಹುಡುಗಿ ಹೇಳಿದ್ಳು. ಕುಡಿಯದವರು ಮೂಸಿದ್ರೂ ಸಾಕು ಅಂತಾನೂ ಅಂದ್ಳು. ಅಮ್ಮ ಮೊದಲನೇ ಗ್ಲಾಸ್ ಮೂಗಿನ ಹತ್ತಿರ ತಂದು, "ಇದಕ್ಕೆ ಕೊತ್ತಂಬರಿ ಬೀಜ ಹಾಕಿದ್ದಾರೆ" ಅಂದ್ರು. ಅಕ್ಕ ಅದನ್ನ ಇಂಗ್ಲಿಷ್‌ನಲ್ಲಿ ಹೇಳಿದ್ಳು. ಇಡೀ ಟೇಬಲ್ ಅಮ್ಮನ ಕಡೆ ತಿರುಗಿತು.

ಸರಿಯಾಗೇ ಹೇಳಿದ್ರು. ಅದು ಗೋಧಿಯ ಬಿಳಿ ಬೀರ್. ಕೊತ್ತಂಬರಿ ಬೀಜ ಮತ್ತೆ ಕಿತ್ತಳೆ ಸಿಪ್ಪೆ ಹಾಕಿಯೇ ಅದನ್ನ ಮಾಡೋದು. ಲೂವೆನ್ ಹತ್ತಿರದ ಹೂಗಾರ್ಡನ್ ಅನ್ನೋ ಊರಲ್ಲಿ 1950ರ ದಶಕದಲ್ಲಿ ಈ ಬೀರ್ ಮಾಡೋದೇ ನಿಂತುಹೋಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನೋ ಹಾಲು ಮಾರೋ ಮನುಷ್ಯ ಅದನ್ನ ಮತ್ತೆ ಶುರು ಮಾಡಿದ. ಒಬ್ಬ ಹಾಲಿನವನು ಹಠ ಹಿಡಿಯದಿದ್ರೆ ಒಂದು ರುಚಿ ಭೂಮಿ ಮೇಲಿಂದ ಹೋಗಿಬಿಡ್ತಿತ್ತು. ಈ ಕಥೆ ಕೇಳಿದಾಗ ನಮಗೆ ಏನೋ ಚುಚ್ಚಿತು, ಏನು ಅಂತ ಆಗ ಗೊತ್ತಾಗಲಿಲ್ಲ.

ಎರಡನೇ ಗ್ಲಾಸ್ ಗೂಜ್. ಅದರ ವಾಸನೆಗೆ ನಾವಿಬ್ರು ಮಕ್ಕಳು ಮುಖ ಸಿಂಡರಿಸಿದ್ವಿ. ಕೊಟ್ಟಿಗೆ ವಾಸನೆ! ಅಮ್ಮ ಮಾತ್ರ ಇನ್ನೊಂದು ಸಲ ಮೂಸಿ, "ಹುಳಿ ಬಂದಿದೆ ಅಷ್ಟೇ ಕಣ್ರೋ. ಎರಡು ದಿನ ಹೊರಗಿಟ್ಟ ದೋಸೆ ಹಿಟ್ಟು ಮೂಸಿಲ್ವಾ ನೀವು?" ಅಂದ್ರು. ಇಂಜಿನಿಯರಿಂಗ್ ಓದೋರಿಗೆ ಇಲ್ಲೊಂದು ಒಳ್ಳೆ ವಿಷಯ ಇದೆ. ಗೂಜ್ ಆಗೋದು ಲ್ಯಾಂಬಿಕ್ ಅನ್ನೋ ಬೀರ್‌ನಿಂದ. ಬೇರೆ ಬೀರ್‌ಗೆ ಯೀಸ್ಟ್ ಅಳೆದು ಹಾಕ್ತಾರೆ. ಲ್ಯಾಂಬಿಕ್‌ಗೆ ಯಾರೂ ಏನೂ ಹಾಕಲ್ಲ. ಚಳಿ ತಿಂಗಳಲ್ಲಿ ಧಾನ್ಯ ಕುದಿಸಿದ ಸಿಹಿ ರಸವನ್ನ ಅಗಲವಾದ, ಆಳ ಕಡಿಮೆ ಇರೋ ತೊಟ್ಟಿಯಲ್ಲಿ ರಾತ್ರಿಯಿಡೀ ಮುಚ್ಚದೆ ಬಿಡ್ತಾರೆ. ಗಾಳಿಯಲ್ಲಿ, ಆ ಕಟ್ಟಡದಲ್ಲಿ, ಮರದ ಪೀಪಾಯಿಯಲ್ಲಿ ಇರೋ ಯೀಸ್ಟ್, ಬ್ಯಾಕ್ಟೀರಿಯಾ ತಾವಾಗೇ ಕೆಲಸ ಶುರು ಮಾಡ್ತವೆ. ಅದರಲ್ಲಿ ಒಂದು ಯೀಸ್ಟ್‌ಗೆ ಬ್ರೆಟನೊಮೈಸಿಸ್ ಬ್ರಕ್ಸೆಲೆನ್ಸಿಸ್ ಅಂತ ಬ್ರಸೆಲ್ಸ್ ಹೆಸರೇ ಇದೆ. ಆ ಕೊಟ್ಟಿಗೆ ವಾಸನೆಗೆ ಕಾರಣ ಅದೇ. ಆಮೇಲೆ ಒಂದು ವರ್ಷ, ಎರಡು ವರ್ಷ, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದ್ರೆ ಗೂಜ್. ಬ್ರಸೆಲ್ಸ್‌ನಲ್ಲೇ 1900ರಲ್ಲಿ ಶುರುವಾದ ಕಾಂತಿಯೋನ್ ಬ್ರೂವರಿಯಲ್ಲಿ ಇವತ್ತಿಗೂ ಹೀಗೇ ಮಾಡ್ತಾರೆ.

ನಮ್ಮ ಇಡ್ಲಿ, ದೋಸೆ ಹಿಟ್ಟಿಗೂ ಯಾರೂ ಯೀಸ್ಟ್ ಹಾಕಲ್ಲ. ಅಕ್ಕಿ, ಉದ್ದಿನಬೇಳೆಯಲ್ಲೇ ಇರೋ ಲ್ಯೂಕೊನಾಸ್ಟಾಕ್ ಥರದ ಬ್ಯಾಕ್ಟೀರಿಯಾ ರಾತ್ರಿಯೆಲ್ಲ ಕೆಲಸ ಮಾಡಿ ಹಿಟ್ಟು ಉಬ್ಬಿಸ್ತವೆ, ಹುಳಿ ತರ್ತವೆ. ಎರಡೂ ಕಡೆ ಹುಳಿಗೆ ಮುಖ್ಯ ಕಾರಣ ಲ್ಯಾಕ್ಟಿಕ್ ಆಸಿಡ್. ಫರ್ಮೆಂಟೇಶನ್ ಸಮೀಕರಣ ನಾವು ಇಂಗ್ಲಿಷ್ ಮೀಡಿಯಂನಲ್ಲಿ ಬ್ಯಾಲೆನ್ಸ್ ಮಾಡಿ ಎರಡು ಮಾರ್ಕ್ಸ್ ತಗೊಂಡಿದ್ವಿ. ಅದರ ವಾಸನೆ ಗೊತ್ತಿದ್ದಿದ್ದು ಅಮ್ಮನಿಗೆ.

ಹಾಂ, ಹಾಸ್ಟೆಲ್ ಪ್ರಶ್ನೆಗೆ ಉತ್ತರ. ಬೆಲ್ಜಿಯಂನಲ್ಲಿ 16 ತುಂಬಿದವರಿಗೆ ಬೀರ್ ಕೊಡಬಹುದು ಅನ್ನೋದು ಕಾನೂನು. ಅಪ್ಪ ಎದುರಿಗೇ ಕೂತಿದ್ರು ಅನ್ನೋದು ಅದಕ್ಕಿಂತ ದೊಡ್ಡ ಕಾನೂನು. ಅವರ ಕಣ್ಸನ್ನೆ ಸಿಕ್ಕ ಮೇಲೆ ಗೂಜ್ ಒಂದೇ ಒಂದು ಗುಟುಕು. ಹುಣಸೆಹಣ್ಣಿನ ನೀರಿಗೆ ಸೋಡಾ ಹಾಕಿದ ಹಾಗಿತ್ತು. ಇಷ್ಟೇ ಕಥೆ, ದಯವಿಟ್ಟು ಉಪ್ಪು ಖಾರ ಸೇರಿಸಬೇಡಿ.

ಆಮೇಲೆ ವಾಫಲ್. ಇಬ್ಬಿಬ್ಬರಿಗೆ ಒಂದು ವಾಫಲ್ ಕಬ್ಬಿಣ. ನಾವಿಬ್ರು ಮಕ್ಕಳು ಒಂದು ಕಡೆ, ಅಪ್ಪ ಅಮ್ಮ ಇನ್ನೊಂದು ಕಡೆ. ನಾವು ಆತುರಕ್ಕೆ ಬಿದ್ದು ಮುಚ್ಚಳ ಬೇಗ ತೆಗೆದ್ವಿ. ವಾಫಲ್ ಮಧ್ಯಕ್ಕೆ ಹರಿದು ಅರ್ಧ ಮೇಲೆ, ಅರ್ಧ ಕೆಳಗೆ ಅಂಟಿಕೊಳ್ತು. ಎರಡನೇದು ಹಾಗಾಗಬಾರದು ಅಂತ ಜಾಸ್ತಿ ಹೊತ್ತು ಬಿಟ್ವಿ, ಸಕ್ಕರೆ ಸುಟ್ಟು ಕಪ್ಪಾಯ್ತು. ಆ ಕಡೆ ಅಮ್ಮ ಹಸಿರು ಲೈಟ್ ನಂಬದೆ ಕಬ್ಬಿಣದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಚುಯ್ ಅನ್ನೋ ಸದ್ದು ಕೇಳಿ, ಆಮೇಲೆ ಹಿಟ್ಟು ಇಟ್ರು. ಪಕ್ಕದಿಂದ ಬರ್ತಿದ್ದ ಹಬೆಯನ್ನೇ ನೋಡ್ತಾ ನಿಂತ್ರು. ಹಬೆ ಕಡಿಮೆಯಾಗಿ ನಿಲ್ಲೋ ಹೊತ್ತಿಗೆ ಮುಚ್ಚಳ ತೆಗೆದ್ರು. ಬಂಗಾರದ ಬಣ್ಣ, ಒಂದು ಚೂರೂ ಅಂಟಿಲ್ಲ. ಹೇಗೆ ಗೊತ್ತಾಯ್ತು ಅಂತ ಕ್ಲಾಸ್‌ನ ಹುಡುಗಿ ಕೇಳಿದ್ಳು. "ನೀರು ಹೋದ್ಮೇಲೆ ಬೆಂದ ಹಾಗೆ" ಅಂದ್ರು ಅಮ್ಮ. ಅಕ್ಕ ಅನುವಾದಿಸಿದ ಮೇಲೆ ಆ ಹುಡುಗಿ ಉಳಿದವರಿಗೆಲ್ಲ ಅದನ್ನೇ ಹೇಳಿಕೊಟ್ಳು.

ಅಮ್ಮ ಒಂದು ಚೂರೂ ತಿನ್ನಲಿಲ್ಲ. ಒಂದು ಹನಿ ಕುಡಿಯಲಿಲ್ಲ. ಟೇಸ್ಟಿಂಗ್ ಕ್ಲಾಸ್‌ನಲ್ಲಿ ಏನನ್ನೂ ಟೇಸ್ಟ್ ಮಾಡದೆ ಇದ್ದವರೇ ಎಲ್ಲರಿಗಿಂತ ಹೆಚ್ಚು ಪಡ್ಕೊಂಡ್ರು, ಎಲ್ಲರಿಗಿಂತ ಹೆಚ್ಚು ಕೊಟ್ರು. ನಮ್ಮ ದಂಡದ ಲೆಕ್ಕ ತಲೆಕೆಳಗಾಯ್ತು. ಅದಕ್ಕಿಂತ ಜಾಸ್ತಿ ನಾಚಿಕೆ ಆಗಿದ್ದು ಇನ್ನೊಂದಕ್ಕೆ. "ಹೇಗೆ ಗೊತ್ತಾಯ್ತು?" ಅಂತ ಅಮ್ಮನನ್ನ ಕೇಳೋಕೆ ಬ್ರಸೆಲ್ಸ್‌ನ ಯಾರೋ ಹುಡುಗಿ ಬೇಕಾಯ್ತು. ಇಷ್ಟು ವರ್ಷ ಅವರ ಕೈಯ ದೋಸೆ ತಿಂದ ನಾವು ಒಂದು ದಿನ ಕೇಳಿರಲಿಲ್ಲ.

ಈಗ ನಮ್ಮ ತಕರಾರು. ಆ ಹಿಟ್ಟು ನಾವು ಕಲಸಿದ್ದಲ್ಲ. ಬಕೆಟ್‌ನಲ್ಲಿ ಮೊದಲೇ ಕಲಸಿ, ಉಬ್ಬಿಸಿ ಇಟ್ಟಿದ್ರು. ಟಿವಿ ಅಡುಗೆ ಕಾರ್ಯಕ್ರಮದಲ್ಲಿ "ಆಗಲೇ ಮಾಡಿಟ್ಟಿದ್ದೀವಿ" ಅಂತಾರಲ್ಲ, ಹಾಗೆ. ಪ್ರವಾಸಿಗರಿಗೆ ಟೈಮ್ ಇರಲ್ಲ, ಯೀಸ್ಟ್ ಉಬ್ಬೋವರೆಗೆ ಯಾರು ಕಾಯ್ತಾರೆ ಅಂತ ಅಪ್ಪ ವಾದ ಮಾಡ್ತಾರೆ. ನ್ಯಾಯವಾದ ಮಾತೇ. ಆದ್ರೆ ಉತ್ತರ ಅದೇ ಕ್ಲಾಸ್‌ನಲ್ಲಿದೆ. ಹಿಟ್ಟು ಉಬ್ಬೋಕೆ ಬೇಕಾಗೋದು ಒಂದು ಒಂದೂವರೆ ಗಂಟೆ. ಬೀರ್ ಬಗ್ಗೆ ಮಾತಾಡಿದ್ದು ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಬಂದ ಕೂಡಲೇ ಎಲ್ಲರ ಕೈಯಲ್ಲೂ ಹಿಟ್ಟು ಕಲಸಿಸಿ, ಪಾತ್ರೆ ಮುಚ್ಚಿ ಕಣ್ಣೆದುರು ಇಡಿ. ಅದು ಉಬ್ತಾ ಇರುವಾಗ ಬೀರ್ ಕಥೆ ಹೇಳಿ. ಎರಡನ್ನೂ ಮಾಡ್ತಿರೋದು ಯೀಸ್ಟ್ ಅಂತ ಬೋರ್ಡ್ ಮೇಲೆ ಬರೆಯೋದೇ ಬೇಡ, ಮುಚ್ಚಳ ತೆಗೆದ್ರೆ ಕಾಣುತ್ತೆ. ಮೂರು ವರ್ಷ ಕಾದ ಬೀರನ್ನ ಹದಿನೈದು ನಿಮಿಷದಲ್ಲಿ ಮುಗಿಸೋದು ತಪ್ಪಲ್ಲ. ಅದು ಕಾದಿದೆ ಅಂತ ಕೈಗೆ ಗೊತ್ತಾಗದ ಹಾಗೆ ಮುಗಿಸೋದು ತಪ್ಪು.

ಇದನ್ನ ಬರೆಯುವಾಗ ನಮ್ಮದೇ ಕಡೆ ಒಂದು ಬೆರಳು ತಿರುಗುತ್ತೆ. ನಾವು ವಾರಕ್ಕೆ ಎಷ್ಟು ಗಂಟೆ ಲ್ಯಾಬ್‌ನಲ್ಲಿ ಇರ್ತೀವಿ? ಮ್ಯಾನ್ಯುವಲ್‌ನಲ್ಲಿ ಗ್ರಾಫ್ ಹೇಗೆ ಬರಬೇಕು ಅಂತ ಮೊದಲೇ ಇರುತ್ತೆ. ರೀಡಿಂಗ್ ಬರದಿದ್ರೆ ಸೀನಿಯರ್ ರೆಕಾರ್ಡ್ ಇರುತ್ತೆ. ನಮ್ಮ ವಾಫಲ್ ಒಂದು ಸಲವೂ ಹರಿದಿಲ್ಲ. ಎಲ್ಲರ ರೆಕಾರ್ಡ್‌ನಲ್ಲೂ ಒಂದೇ ಥರ ಬಂಗಾರದ ಬಣ್ಣ. ವೈವಾದಲ್ಲಿ "ಹೇಗೆ ಗೊತ್ತಾಯ್ತು?" ಅಂತ ಕೇಳಿದ್ರೆ ನಮ್ಮ ಹತ್ರ ಉತ್ತರ ಇಲ್ಲ. ಪ್ರವಾಸಿಗರ ಕ್ಲಾಸನ್ನ ನಾಟಕ ಅಂತ ನಗೋ ಮೊದಲು ಇದನ್ನ ಯೋಚಿಸಬೇಕು. ಅಲ್ಲಿ ಕಡೇ ಪಕ್ಷ ಸುಟ್ಟದ್ದು ನಾವೇ ಸುಟ್ಟದ್ದು. ಪ್ರತಿ ಸೆಮಿಸ್ಟರ್‌ನಲ್ಲಿ ಒಂದು ಲ್ಯಾಬ್ ಆದ್ರೂ ಕೆಟ್ಟ ರೀಡಿಂಗ್‌ಗೆ ಮಾರ್ಕ್ಸ್ ಕೊಡಲಿ, ಯಾಕೆ ಕೆಡ್ತು ಅಂತ ಬರೆದ್ರೆ ಸಾಕು ಅನ್ನಲಿ ಅಂತ ನಮ್ಮ ಆಸೆ.

ನಿಮ್ಮಲ್ಲಿ ಸುಮಾರು ಜನ ನಾಳೆ ಮಾಸ್ಟರ್ಸ್‌ಗೋ ಕೆಲಸಕ್ಕೋ ಹೊರಗೆ ಹೋಗ್ತೀರ. ಇಂಥ ಕ್ಲಾಸ್‌ಗೆ ದುಡ್ಡು ಕೊಡೋ ಮೊದಲು ಎರಡೇ ಪ್ರಶ್ನೆ ಕೇಳಿ: ಹಿಟ್ಟು ಯಾರು ಕಲಸ್ತಾರೆ? ಕೆಟ್ರೆ ಇನ್ನೊಂದು ಸಲ ಮಾಡೋಕೆ ಬಿಡ್ತೀರಾ? ಎರಡಕ್ಕೂ ಸರಿಯಾದ ಉತ್ತರ ಬಂದ್ರೆ ಹೋಗಿ. ಸಾಧ್ಯವಾದ್ರೆ ಅಮ್ಮನನ್ನೂ ಕರ್ಕೊಂಡು ಹೋಗಿ.

ಹಾಸನಕ್ಕೆ ವಾಪಸ್ ಬಂದ ಮೇಲೆ ಒಂದು ಶನಿವಾರ ನಾವೇ ದೋಸೆ ಹಿಟ್ಟು ರುಬ್ಬಿದ್ವಿ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದ್ರು, ಬಾಯಿ ಬಿಡಲಿಲ್ಲ. ಬೆಳಗ್ಗೆ ಎದ್ದು ನೋಡಿದ್ರೆ ಹಿಟ್ಟು ಇಟ್ಟ ಹಾಗೇ ಇತ್ತು, ಒಂದು ಬೆರಳೂ ಉಬ್ಬಿರಲಿಲ್ಲ. "ರಾತ್ರಿ ಮಳೆ ಬಂದು ತಂಡಿ ಆಗಿತ್ತಲ್ಲ, ಒಳಗೆ ಬೆಚ್ಚಗೆ ಇಡಬೇಕಿತ್ತು" ಅಂದ್ರು. ಯಾಕೆ ಮೊದಲೇ ಹೇಳಲಿಲ್ಲ ಅಂತ ಕೇಳಿದ್ವಿ.

"ನೀವು ಕೇಳಲಿಲ್ಲ" ಅಂದ್ರು.