ಕಛೇರಿ ಮುಗಿದ ಮೇಲಿನ ಜಗಳ

ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದವಳು ರಾಕ್ ಸಂಗೀತದ ಬಗ್ಗೆ ಬರೀತಾಳೆ ಅಂದ್ರೆ ನೀವು ನಗ್ತೀರಿ. ನಗಿ, ಪರವಾಗಿಲ್ಲ. ನಾನಿದ್ದದ್ದು ಇಥಾಕಾ ಅನ್ನೋ ಊರಲ್ಲಿ. ನ್ಯೂಯಾರ್ಕ್ ರಾಜ್ಯದ್ದೇ, ಆದರೆ ಆ ಮಹಾನಗರದಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರ. ಕಾರ್ನೆಲ್ ವಿಶ್ವವಿದ್ಯಾಲಯ ಇರೋದು ಅಲ್ಲೇ. ಮಗುವಿಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಮಲಗಿಸಿ ಹೊರಗೆ ಬಂದರೆ ಪಕ್ಕದ ಮನೆ ಜಗಲಿಯಲ್ಲಿ ಎಪ್ಪತ್ತರ ಹತ್ತಿರದ ಒಬ್ಬರು ಕೂತಿರುತ್ತಿದ್ದರು. ಬಿಳಿ ಗಡ್ಡ, ಬಣ್ಣಬಣ್ಣದ ಹಳೇ ಅಂಗಿ. ನಾನು ಇಂಡಿಯಾದವಳು ಅಂತ ಗೊತ್ತಾದ ದಿನ ಅವರು ಕೇಳಿದ ಮೊದಲ ಪ್ರಶ್ನೆ, "ಜಾಕಿರ್ ಹುಸೇನರ ತಬಲಾ ಕೇಳಿದ್ದೀರಾ?"

ಕೇಳದೆ ಇರ್ತೀನಾ! ಅಲ್ಲಿಂದ ಶುರುವಾಯ್ತು. ಗ್ರೇಟ್‌ಫುಲ್ ಡೆಡ್ ಅನ್ನೋ ಬ್ಯಾಂಡಿನ ಮಿಕ್ಕಿ ಹಾರ್ಟ್ ಅನ್ನೋ ಡ್ರಮ್ ವಾದಕ ಜಾಕಿರರ ಜೊತೆ 1976ರಲ್ಲೇ 'ದಿಗ ರಿದಂ ಬ್ಯಾಂಡ್' ಹೆಸರಲ್ಲಿ ಒಂದು ತಟ್ಟೆ ತಂದಿದ್ದರಂತೆ. ಆಮೇಲೆ 'ಪ್ಲಾನೆಟ್ ಡ್ರಮ್' ಬಂತು, ಅದರಲ್ಲಿ ನಮ್ಮ ವಿಕ್ಕು ವಿನಾಯಕರಾಂ ಅವರ ಘಟವೂ ಇದೆ. ಈ ಮನುಷ್ಯ ಆ ಬ್ಯಾಂಡಿನ ಕಟ್ಟಾ ಭಕ್ತ. ಅವರನ್ನು 'ಡೆಡ್‌ಹೆಡ್' ಅಂತಾರಂತೆ. ಹೆಸರು ಕೇಳಿ ನನಗೆ ಮೊದಲು ಗಾಬರಿಯೇ ಆಯ್ತು.

ಜ್ಯಾಮ್ ಬ್ಯಾಂಡ್ ಅಂದ್ರೆ ನಮಗೆ ಅರ್ಥವಾಗದ ಸಂಗತಿ ಏನಲ್ಲ. ಹಾಡು ಅನ್ನೋದು ಒಂದು ನೆಪ. ಪಲ್ಲವಿ ಹಾಡಿ, ಆಮೇಲೆ ವಿಸ್ತಾರಕ್ಕೆ ಇಳಿದರೆ ಎಲ್ಲಿಗೆ ಹೋಗ್ತಾರೆ, ಯಾವಾಗ ವಾಪಸ್ ಬರ್ತಾರೆ ಅನ್ನೋದು ಹಾಡೋರಿಗೂ ಗೊತ್ತಿರಲ್ಲ. ನಿನ್ನೆ ಹಾಡಿದ ಹಾಗೆ ಇವತ್ತಿಲ್ಲ. 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಮಾಡಿದವರು ಇವರು. ಅಭಿಮಾನಿಗಳು ಮೈಕು ಹಿಡಿದು ಬಂದು ಧ್ವನಿಮುದ್ರಿಸಿಕೊಂಡರೂ ಬೇಡ ಅನ್ನಲಿಲ್ಲ. 1984ರಿಂದ ಅವರಿಗೆ ಅಂತಲೇ ಸಭಾಂಗಣದಲ್ಲಿ ಜಾಗ ಬಿಟ್ಟರು. ಒಂದೇ ಕರಾರು, ಕ್ಯಾಸೆಟ್ ಬದಲಾಯಿಸಿಕೊಳ್ಳಬಹುದು, ಮಾರುವ ಹಾಗಿಲ್ಲ.

ಮೇ 8ನೇ ತಾರೀಕು ಪಕ್ಕದ ಮನೆಗೆ ಅವರ ಸ್ನೇಹಿತರೊಬ್ಬರು ಬಂದರು. ಪ್ರತಿ ವರ್ಷ ಆ ದಿನ ಬರ್ತಾರಂತೆ. 1977ರ ಮೇ 8ರಂದು ಇದೇ ಊರಿನ ಬಾರ್ಟನ್ ಹಾಲ್‌ನಲ್ಲಿ, ಅಂದರೆ ಕಾರ್ನೆಲ್‌ನ ಒಳಾಂಗಣ ಆಟದ ಮನೆಯಲ್ಲಿ, ಆ ಬ್ಯಾಂಡು ನುಡಿಸಿದ ಕಛೇರಿಯೇ ಅವರ ಇತಿಹಾಸದಲ್ಲಿ ಶ್ರೇಷ್ಠ ಅಂತ ಅನೇಕರ ವಾದ. ಆವತ್ತು ಭಾನುವಾರ, ಅಲ್ಲಿನ ಅಮ್ಮಂದಿರ ದಿನ ಬೇರೆ. ಮಕ್ಕಳು ಅಮ್ಮನಿಗೆ ಫೋನ್ ಮಾಡಿದ್ರೋ ಇಲ್ವೋ, ದೇವರಿಗೇ ಗೊತ್ತು.

ನಮ್ಮ ನೆರೆಯವರು ಆಗ ವಿದ್ಯಾರ್ಥಿ, ಆ ಕಛೇರಿಯಲ್ಲಿ ಇದ್ದವರು. ಸ್ನೇಹಿತರು ವಯಸ್ಸಿನಲ್ಲಿ ಚಿಕ್ಕವರು, ಟೇಪಿನಲ್ಲಷ್ಟೇ ಕೇಳಿದವರು. ನಾನು ಚಹಾ ಮಾಡಿಕೊಂಡು ಹೋಗಿ ಕೂತೆ. ಜಗಳ ಆಗಲೇ ಶುರುವಾಗಿತ್ತು.

ಇರದಿದ್ದವರಿಗೇ ಎಲ್ಲ ಗೊತ್ತು, ಇದು ವಿಚಿತ್ರ. ಎರಡನೇ ಭಾಗದಲ್ಲಿ 'ಸ್ಕಾರ್ಲೆಟ್ ಬಿಗೋನಿಯಾಸ್'ನಿಂದ 'ಫೈರ್ ಆನ್ ದ ಮೌಂಟನ್'ಗೆ ದಾಟುವ ಜಾಗ ಎಲ್ಲಿದೆ ಅಂತ ಸ್ನೇಹಿತರು ಬೆರಳಲ್ಲಿ ತೋರಿಸ್ತಾರೆ. ಎರಡೂ ಸೇರಿ ಸುಮಾರು 25 ನಿಮಿಷ. ನಾನೂ ಕೇಳಿದೆ. ಒಂದು ಹಾಡು ಮುಗಿದದ್ದು, ಇನ್ನೊಂದು ಹುಟ್ಟಿದ್ದು ತಿಳಿಯೋದೇ ಇಲ್ಲ. ಹಾಲು ಮೊಸರಾದ ಹಾಗೆ. ಆದರೆ ಮೊದಲ ಭಾಗ ಸಾಧಾರಣ, 'ಡ್ಯಾನ್ಸಿಂಗ್ ಇನ್ ದ ಸ್ಟ್ರೀಟ್' ಡಿಸ್ಕೋ ಆಗಿಬಿಟ್ಟಿದೆ, ಮಾರನೇ ದಿನ ಬಫೆಲೋದಲ್ಲಿ ನುಡಿಸಿದ್ದೇ ವಾಸಿ, ಇದು ಅವರ ತೀರ್ಪು. ಡಾನಾ ಗಾಡ್‌ಶೋ ಅವರ ದನಿ ಶ್ರುತಿಗೆ ನಿಲ್ಲಲ್ಲ ಅಂತ ಇನ್ನೊಂದು ಟೀಕೆ. ಇದು ಮಾತ್ರ ನನಗೆ ಸರಿ ಬರಲಿಲ್ಲ. ಎಲ್ವಿಸ್ ಪ್ರೀಸ್ಲಿಯ ಹಿಂದೆ ಹಾಡಿ ಬಂದ ಹೆಣ್ಣುಮಗಳು ಆಕೆ. ಆ ಗದ್ದಲದ ವೇದಿಕೆ ಮೇಲೆ ತನ್ನ ದನಿ ತನಗೇ ಕೇಳದಿದ್ದರೆ ಯಾರು ತಾನೆ ಶ್ರುತಿ ಹಿಡೀತಾರೆ? ಗಂಡಸರ ದನಿಯೂ ಅಲ್ಲಲ್ಲಿ ಜಾರಿದೆ, ಅದನ್ನು ಯಾರೂ ಎತ್ತಲ್ಲ.

ನೆರೆಯವರ ನೆನಪೇ ಬೇರೆ. ಮುಂದಿದ್ದವರು ನೂಕುನುಗ್ಗಲಲ್ಲಿ ಅಪ್ಪಚ್ಚಿಯಾಗ್ತಿದ್ದರು, ವೇದಿಕೆಯಿಂದ ಎಲ್ಲರಿಗೂ ಒಂದೊಂದು ಹೆಜ್ಜೆ ಹಿಂದೆ ಸರೀರಿ ಅಂದರಂತೆ. ಆ ಮಾತು ಟೇಪಿನಲ್ಲೂ ಇದೆ. ಸೆಕೆ, ಬೆವರು. ಹೊರಗೆ ಬಂದರೆ ಮೇ ತಿಂಗಳಲ್ಲಿ ಹಿಮ ಬೀಳ್ತಿದೆ! "ಬೂಟೆಲ್ಲ ಒದ್ದೆಯಾಗಿದ್ದು ನೆನಪಿದೆ. ಶ್ರೇಷ್ಠ ಕಛೇರಿ ಅಂತ ಆವತ್ತು ನನಗೆ ಅನ್ನಿಸಲೇ ಇಲ್ಲ. ಚೆನ್ನಾಗಿತ್ತು, ಅಷ್ಟೇ" ಅಂದರು.

ಹಾಗಾದರೆ ಶ್ರೇಷ್ಠ ಆದದ್ದು ಯಾವಾಗ? ಅದಕ್ಕೆ ಕಾರಣ ಒಬ್ಬ ಹೆಂಗಸು. ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅಂತ ಬ್ಯಾಂಡಿನ ಧ್ವನಿ ತಂತ್ರಜ್ಞೆ. ಆವತ್ತಿನದನ್ನು ರೀಲಿನಲ್ಲಿ ಅಷ್ಟು ಸ್ವಚ್ಛವಾಗಿ ಹಿಡಿದಿಟ್ಟವರು ಆಕೆ. ಮುಂದೆ ಕಷ್ಟಕ್ಕೆ ಸಿಕ್ಕಿ, ಬಾಡಿಗೆ ಗೋದಾಮಿನಲ್ಲಿಟ್ಟ ರೀಲುಗಳ ಬಾಡಿಗೆ ಕಟ್ಟಲಾಗದೆ 1986ರಲ್ಲಿ ಎಲ್ಲ ಹರಾಜಾದವು. ಕೊಂಡವರ ಕೈಯಿಂದ ಪ್ರತಿ ಮೇಲೆ ಪ್ರತಿಯಾಗಿ ದೇಶ ಸುತ್ತಿತು. ಲೈಬ್ರರಿ ಆಫ್ ಕಾಂಗ್ರೆಸ್‌ನವರು 2011ರ ಸಾಲಿನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿದರು. ಅಧಿಕೃತವಾಗಿ ಅಂಗಡಿಗೆ ಬಂದದ್ದು 2017ರಲ್ಲಿ, ನಲವತ್ತು ವರ್ಷ ಆದ ಮೇಲೆ. "ಈಗ ಕಣ್ಣು ಮುಚ್ಚಿದರೆ ಟೇಪೇ ಕೇಳಿಸುತ್ತೆ, ಆವತ್ತು ನಾನು ಕೇಳಿದ್ದು ಎಲ್ಲಿ ಹೋಯ್ತೋ" ಅಂತ ನೆರೆಯವರು ಗಡ್ಡ ಕೆರೆದುಕೊಂಡರು.

ಇಷ್ಟು ಹೊತ್ತು ನನಗಿದು ತಮಾಷೆಯೇ. ಆಮೇಲೆ ಮಾತು 1995ಕ್ಕೆ ಹೊರಳಿತು, ದನಿ ಇಳಿಯಿತು.

ಮುಖ್ಯ ಗಾಯಕ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ. ಸಕ್ಕರೆ ಕಾಯಿಲೆಯಿಂದ 1986ರಲ್ಲಿ ಪ್ರಜ್ಞೆ ತಪ್ಪಿ, ಎದ್ದು, ಗಿಟಾರ್ ಮತ್ತೆ ಮೊದಲಿಂದ ಕಲಿತ ಮನುಷ್ಯ. ಮಾದಕ ವಸ್ತುವಿನ ಚಟವೂ ಬಿಡಲಿಲ್ಲ. ಕೊನೆಯ ವರ್ಷಗಳಲ್ಲಿ ತಾನೇ ಸಾವಿರ ಸಲ ಹಾಡಿದ ಸಾಲು ಮರೆಯೋರು, ಬೆರಳು ಓಡ್ತಿರಲಿಲ್ಲ. 1995ರ ಜುಲೈ 9, ಶಿಕಾಗೋದ ಸೋಲ್ಜರ್ ಫೀಲ್ಡ್. ಅದೇ ಕೊನೆಯ ಕಛೇರಿ. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ಕ್ಕೆ, ಚಟ ಬಿಡಿಸುವ ಕೇಂದ್ರದಲ್ಲಿ ತೀರಿಕೊಂಡರು. ವಯಸ್ಸು ಬರೀ 53.

ಸ್ನೇಹಿತರು ಆವತ್ತು ಶಿಕಾಗೋದಲ್ಲಿ ಇದ್ದರಂತೆ. "ಅವನು ಸಾಲು ಮರೆತಾಗಲೆಲ್ಲ ನಾವು ಇನ್ನೂ ಜೋರಾಗಿ ಕೂಗಿದೆವು. ಪ್ರೀತಿಯಿಂದಲೇ. 1977ರ ಒಂದು ಅಪಸ್ವರಕ್ಕೆ ನಾನು ಇಲ್ಲಿ ಅರ್ಧ ಗಂಟೆ ಜಗಳ ಆಡ್ತೀನಿ. ಆವತ್ತು ಹೊರಗೆ ಬಂದು ಒಬ್ಬರಿಗೊಬ್ಬರು ಏನು ಹೇಳಿಕೊಂಡ್ವಿ ಗೊತ್ತಾ? ಚೆನ್ನಾಗಿತ್ತು ಅಂತ."

ನೆರೆಯವರು ಒಪ್ಪಲಿಲ್ಲ. ನೀವು ಸುಮ್ಮನಿದ್ದಿದ್ದರೆ ಅವನು ಮನೆಗೆ ಹೋಗಿ ಮಲಗ್ತಿದ್ದನಾ, ಅವನನ್ನು ನಂಬಿ ಎಷ್ಟು ಸಂಸಾರ ನಡೀತಿತ್ತು ಅಂತ ವಾದ ಹಾಕಿದರು. ಅದೂ ನಿಜವೇ. ಟಿಕೆಟ್ ಕೊಂಡವನಿಗೆ ಅಷ್ಟೊಂದು ಶಕ್ತಿ ಎಲ್ಲಿರುತ್ತೆ?

ನನಗೆ ಮಾತ್ರ ಅಣ್ಣ ನೆನಪಾದರು. ನಮ್ಮ ತಂದೆಯನ್ನು ನಾವು ಅಣ್ಣ ಅಂತಲೇ ಕರೀತಿದ್ದದ್ದು. ರಾಮನವಮಿ ಕಛೇರಿ ಮುಗಿಸಿ ಮನೆಗೆ ನಡೆದು ಬರುವಾಗ ವಿದ್ವಾಂಸರನ್ನೂ ಬಿಡ್ತಿರಲಿಲ್ಲ, ನಿರವಲ್‌ನಲ್ಲಿ ಎಲ್ಲಿ ಎಡವಿದರು ಅಂತ ದಾರಿಯುದ್ದಕ್ಕೂ ಹೇಳೋರು. ಎಂಬತ್ತು ದಾಟಿದ ಮೇಲೆ ದೇವರ ಮುಂದೆ ಕೂತು ಹಾಡೋರು, ದನಿ ಎಲ್ಲೆಲ್ಲೋ ಹೋಗ್ತಿತ್ತು. ಒಂದು ದಿನ ನಿಲ್ಲಿಸಿ, "ಶ್ರುತಿ ಸೇರ್ತಿದ್ಯೇನೇ?" ಅಂತ ಕೇಳಿದರು. ಒಲೆ ಮೇಲೆ ಹಾಲಿತ್ತು. ತಿರುಗಿಯೂ ನೋಡದೆ, "ಹ್ಞೂಂ ಅಣ್ಣ, ಚೆನ್ನಾಗಿದೆ" ಅಂದೆ. ಅವರು ಮತ್ತೆ ಕೇಳಲಿಲ್ಲ.

ನೆರೆಯವರು ಎದ್ದು ಶಿಕಾಗೋದ ಕೊನೇ ರಾತ್ರಿಯ 'ಸೋ ಮೆನಿ ರೋಡ್ಸ್' ಹಾಕಿದರು. ದನಿ ಒಡೆದಿದೆ. ಗಿಟಾರ್ ತಡವರಿಸುತ್ತೆ. ಆದರೆ ಕೊನೆಗೆ ಬಂದಾಗ ಆ ಮನುಷ್ಯ ಒಂದೇ ಮಾತನ್ನು ಹಿಡಿದು ಮತ್ತೆ ಮತ್ತೆ ಮೇಲಕ್ಕೆ ಎತ್ತುತ್ತಾನೆ, ಇರೋ ಉಸಿರೆಲ್ಲ ಹಾಕಿ. ಸ್ನೇಹಿತರು ಬೀದಿ ಕಡೆ ಮುಖ ಮಾಡಿ ಕೂತಿದ್ದರು.

ಮುಗಿದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. ಮೊದಲ ಸಲ ಕೇಳಿದವಳು ನಾನೊಬ್ಬಳೇ ತಾನೇ, ಹೇಗಿತ್ತು ಅಂದರು.

"ಶ್ರುತಿ ತಪ್ಪಿದೆ" ಅಂದೆ. "ಆ ಕೊನೇದನ್ನ ಇನ್ನೊಂದು ಸಲ ಹಾಕಿ."

ಅಷ್ಟರಲ್ಲಿ ಒಳಗೆ ಮಗು ಎದ್ದು ಅಳೋಕೆ ಶುರು ಮಾಡ್ತು.